ಮನೆ ಅಳತೆ

ಝೂನಿಯಲ್ಲಿ ಮನೆ ಹೆಂಗಸಿನದು.
ಮದುವೆಯಾದ ಗಂಡಸು ಎರಡು ಇಕ್ಕಳ, ಒಂದು ಕಂಬಳಿ ಹಿಡಿದು
ಹೆಂಡತಿಯ ಹೊಸ್ತಿಲು ದಾಟುತ್ತಾನೆ.
ನನ್ನಜ್ಜ ಎಲ್ಡ್ರೆಡ್ ಹಾಗೇ ಬಂದವನು.
ಐವತ್ತೊಂದು ವರ್ಷವಾಯಿತು,
ಈಗಲೂ ಕಾಫಿಗೆ ಸಕ್ಕರೆ ಹಾಕುವ ಮುಂಚೆ
ಅಜ್ಜಿಯ ಮುಖ ನೋಡುತ್ತಾನೆ.

ಬೆಳ್ಳಿಯಲ್ಲಿ ಮಾತ್ರ ಲೆಕ್ಕ ತಿರುಗುಮುರುಗು.
ಅಲ್ಲಿ ಮನೆ ಕಟ್ಟುವವನು ಅವನು.
ಕೂದಲೆಳೆಯಂಥ ಗೋಡೆ ಎಬ್ಬಿಸಿ, ಬೆಸೆದು,
ಒಂದು ಬಳೆಯ ಬೆನ್ನ ಮೇಲೆ
ಎಪ್ಪತ್ತು ಕೋಣೆ:
ಬಾಗಿಲಿಲ್ಲ, ಸೂರಿಲ್ಲ.
ಒಕ್ಕಲು ತರುವವಳು ವಿನಿಟಾ, ನನ್ನಜ್ಜಿ.

ಅಡುಗೆಮೇಜಿನ ಆ ತುದಿಗೆ ಅವಳ ಸಾಣೆ.
ಮೋಟಾರು ಹಳೇ ವಾಷಿಂಗ್ ಮಷೀನಿನದು,
ಆಗಾಗ ಬಟ್ಟೆ ಹಿಂಡುವವರ ಹಾಗೆ ಏದುಸಿರು ಬಿಡುತ್ತದೆ.
ಬೆಂಕಿಕಡ್ಡಿಯ ತುದಿಗೆ ಅರಗು,
ಅರಗಿನ ತುದಿಗೆ ಹವಳ,
ನುಚ್ಚಕ್ಕಿಯಷ್ಟು.
ಚಕ್ರಕ್ಕೊಮ್ಮೆ ಸೋಕಿಸಿ, ಕಿಟಕಿಯ ಬೆಳಕಿಗೆ ಹಿಡಿದು,
ಮತ್ತೆ ಸೋಕಿಸಿ.
ಕಿಟಕಿಯಾಚೆ ದೋವಾ ಯಲಾನೆ ಬೆಟ್ಟ
ಅದೇ ಕೆಂಪು ಬಣ್ಣ ಹಚ್ಚಿಕೊಂಡು
ಯಾರೂ ಅರೆಯದ ಧೈರ್ಯದಲ್ಲಿ ಕೂತಿದೆ.

ಹವಳ ಇಟಲಿಯ ಕಡಲಿನದು, ಗ್ರಾಮಿನ ಲೆಕ್ಕ.
ಕಿತ್ತಳೆ ಬಣ್ಣದ ಮುಳ್ಳುಚಿಪ್ಪು ಕ್ಯಾಲಿಫೋರ್ನಿಯಾ ಕೊಲ್ಲಿಯದು.
ಮುತ್ತಿನ ಚಿಪ್ಪು ಎಲ್ಲಿಯದೋ, ಅಂಗಡಿಯವನೂ ಹೇಳಲಾರ.
ಕರೀ ಜೆಟ್ಟು, ಕಲ್ಲಿದ್ದಲ ತಂಗಿ, ಹಗುರ, ಮುಟ್ಟಿದರೆ ಬೆಚ್ಚಗೆ.
ಫಿರೋಜಾ ಮಾತ್ರ ನಮ್ಮ ಕಡೆಯ ಮಣ್ಣಿನ ಮಗು.
ಅಜ್ಜಿ ಉಪ್ಪಿನ ಕೆರೆ ನೋಡಿದ್ದಾಳೆ,
ಸಮುದ್ರ ನೋಡಿಲ್ಲ.
ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಎತ್ತಿಹಿಡಿದು
ಹುಡುಗ ಡಾಕ್ಟರು ಕೇಳಿದ:
ಸಿಗರೇಟು ಎಷ್ಟು ವರ್ಷದಿಂದ?
ಸೇದಿಲ್ಲ, ಅಂದಳು.
ಚಿಪ್ಪು.

ಅವರಿಬ್ಬರ ಜಗಳಕ್ಕೆ
ಸಿಗರೇಟು ಸುತ್ತುವ ಹಾಳೆಯಷ್ಟು ದಪ್ಪ.
ಕಲ್ಲು ದೊಡ್ಡದಾಯ್ತು, ಅಂತ ಅವನು.
ಮನೆ ಚಿಕ್ಕದಾಯ್ತು, ಅಂತ ಅವಳು.
ಮೂರು ದಿನ ಇದೇ, ನಡುವೆ ಕುರಿಸಾರು,
ನಡುವೆ ಮೌನ, ನಡುವೆ ರೇಡಿಯೋದ ಬಾಸ್ಕೆಟ್‌ಬಾಲು.

ಆ ಸಲದ ಬಳೆಗೆ ಏರೋಪ್ಲೇನ್ ಚಿಟ್ಟೆ.
ರೆಕ್ಕೆಗೆ ಮುತ್ತಿನ ಚಿಪ್ಪು, ಮೈಗೆ ಫಿರೋಜಾ ಜೆಟ್ಟು ಸಾಲುಸಾಲು,
ಕೊನೆಗೆ ಕಣ್ಣು ಉಳಿಯಿತು, ಹವಳ ಮುಗಿಯಿತು.
ಉಳಿದ ತುಣುಕಿನಲ್ಲಿ ಹುಳ ಕೊರೆದ ತೂತು,
ಸೂಜಿಮೊನೆಯಷ್ಟು.
ಹವಳದ ಪುಡಿ, ಎಪಾಕ್ಸಿ ಕಲಸಿ ಮುಚ್ಚಿಬಿಡು, ಅಂದೆ ನಾನು.
ಎಲ್ಲರೂ ಮುಚ್ಚುತ್ತಾರೆ.
ಅಜ್ಜಿ ತೂತನ್ನು ಮೇಲ್ಮುಖ ಮಾಡಿ ಕೂರಿಸಿದಳು:
ಅದೂ ಒಂದು ಕಾಲಕ್ಕೆ ಒಂದು ಜೀವದ ಮನೆ.
ಅಜ್ಜ ಏನೂ ಅನ್ನಲಿಲ್ಲ. ಅರ ತೆಗೆದುಕೊಂಡು
ಆ ಒಂದು ಗೋಡೆಯನ್ನು ಮಾತ್ರ ತೆಳ್ಳಗೆ ಮಾಡಿದ.

ಗ್ಯಾಲಪ್ಪಿನ ವ್ಯಾಪಾರಿ ಭೂತಗನ್ನಡಿ ಕಣ್ಣಿಗೊತ್ತಿ
ಡ್ಯಾಮೇಜು, ಅಂದ. ನಲವತ್ತು ಡಾಲರು ಇಳಿಸಿದ.
ಪಕ್ಕದ ಕಪಾಟಿನಲ್ಲಿ ತೂತಿಲ್ಲದ, ಹುಳುಕಿಲ್ಲದ ಕೆಂಪು
ತಟ್ಟೆ ತಟ್ಟೆ ತುಂಬ ಹೊಳೆಯುತ್ತಿತ್ತು,
ಯಾವ ಕಡಲಲ್ಲೂ ಹುಟ್ಟದ್ದು.
ಅಜ್ಜ ಬಳೆಯನ್ನು ಕರವಸ್ತ್ರದಲ್ಲಿ ಸುತ್ತಿ
ಜೇಬಿಗಿಟ್ಟುಕೊಂಡ.
ಟ್ರಕ್ಕಿನ ಕಂತು ಶುಕ್ರವಾರಕ್ಕಿತ್ತು.
ಮೂವತ್ತೆಂಟು ಮೈಲಿ, ಮೂವರೂ ಮಾತಿಲ್ಲ.
ಟ್ರಕ್ಕಿನ ಹೀಟರು ಮಾತ್ರ ಏನೋ ಗೊಣಗುತ್ತಿತ್ತು.

ಮನೆಗೆ ಬಂದು ಅವಳ ಮುಂಗೈ ಹಿಡಿದು
ಬಳೆಯನ್ನು ಬದಿಯಿಂದ ತೂರಿಸಿದ.
ಅಳತೆ ಸರಿಯಾಗಿತ್ತು.
ಮೊದಲಿಂದಲೂ ಅದು ಅವಳ ಕೈಯದೇ ಅಳತೆಯೋ ಏನೋ,
ನಾನು ಕೇಳಲಿಲ್ಲ.
ಆಮೇಲೆ ಸಕ್ಕರೆ ಡಬ್ಬಿ ಎಳೆದುಕೊಂಡು
ಮುಖ ನೋಡದೆ
ಎರಡು ಚಮಚ ಹಾಕಿಕೊಂಡ.
ಅಜ್ಜಿ ನೋಡಿದಳು. ಸಕ್ಕರೆ ಕಾಯಿಲೆ ಇದೆ ನಿನಗೆ, ಅಂದಳು.

ಇವತ್ತು ಅವಳು ಮಾಸ್ಕು ಹಾಕಿಕೊಂಡು ಮಲಗಿದ್ದಾಳೆ,
ಆಮ್ಲಜನಕದ ಡಬ್ಬ ಗುಳುಗುಳು ಅನ್ನುತ್ತದೆ.
ಬಳೆ ತೆಗೆದಿಲ್ಲ.
ಈ ಮನೆ ಮುಂದೆ ನನ್ನದಂತೆ, ಸಾಣೆಯೂ.
ನಿನ್ನೆ ತಂದ ಹವಳದ ಚೂರನ್ನು
ಅವಳು ಮಾಡುತ್ತಿದ್ದ ಹಾಗೇ ನಾಲಗೆಗೆ ಮುಟ್ಟಿಸಿ ನೋಡಿದೆ,
ಪ್ಲಾಸ್ಟಿಕ್ಕಾದರೆ ಬೇಗ ಬೆಚ್ಚಗಾಗುತ್ತದೆ.
ಕಾದೆ.
ತಣ್ಣಗೇ ಇತ್ತು.
ಒಳಕೋಣೆಯಿಂದ ಅಜ್ಜನ ದನಿ:
ಎಷ್ಟು ದೊಡ್ಡದು?