ನಾನು ಹಾಕದ ಗಂಟು

ಬೆಳಿಗ್ಗೆ ಆರಕ್ಕೆ ಕೈಗಳು ನನ್ನವಲ್ಲ.
ರಾತ್ರಿ ಯಾರೋ ಬಂದು
ಬೆರಳ ಸಂದಿಗೆಲ್ಲ ಸಿಮೆಂಟು ಹೊಯ್ದು ಹೋದ ಹಾಗೆ.
ಬಿಸಿನೀರ ನಲ್ಲಿಯ ಕೆಳಗೆ ಹಿಡಿದು
ಒಂದೊಂದನ್ನೇ ಮಡಚುತ್ತೇನೆ:
ಕಿರುಬೆರಳು ಮಾತು ಕೇಳುತ್ತದೆ, ಉಂಗುರದ್ದು ಗೊಣಗುತ್ತದೆ,
ಹೆಬ್ಬೆರಳು ಬಂದರಿನ ಗುಮಾಸ್ತನ ಹಾಗೆ,
ಹತ್ತು ಸಲ ಕರೆದರೂ ತಲೆ ಎತ್ತದು.

ನಲವತ್ತೊಂದು ವರ್ಷ ಬಲೆ ಹೊಲಿದ ಕೈ ಇದು.
ಮಲ್ಪಿಕಾ ಬಂದರಿನಲ್ಲಿ ಯಾವ ದೋಣಿಯ ಬಲೆಯನ್ನೂ
ಕಣ್ಣುಮುಚ್ಚಿ ಮುಟ್ಟಿ ಹೇಳಬಲ್ಲೆ.
ಗಂಟು ಹಾಕಿ ಹಾಕಿಯೇ ಇಬ್ಬರು ಮಕ್ಕಳನ್ನು ಬೆಳೆಸಿದೆ.
ಆಮೇಲೊಂದು ದಿನ, ಸೋಪು ಹಚ್ಚುವಾಗ,
ನಾನು ಹಾಕದ ಗಂಟೊಂದು
ಎಡಮೊಲೆಯಲ್ಲಿ ಕೈಗೆ ಸಿಕ್ಕಿತು.

ತೆಗೆದರು. ಕಿರಣ ಹಾಯಿಸಿ ಸುಟ್ಟರು.
ಇನ್ನು ಐದು ವರ್ಷ ದಿನಕ್ಕೊಂದು ಹಳದಿ ಗುಳಿಗೆ,
ಅಷ್ಟೇ, ಅಂದಳು ಡಾಕ್ಟರಮ್ಮ.
ಅಷ್ಟೇ ಎನ್ನುವ ಮಾತಿನೊಳಗೆ
ಎಷ್ಟು ಜಾಗವಿದೆ ಎಂದು ಆಮೇಲೆ ತಿಳಿಯಿತು.

ರಾತ್ರಿ ಮೂರಕ್ಕೆ ಕತ್ತಿನ ಹಿಂದೆ ಒಲೆ ಹೊತ್ತಿಕೊಳ್ಳುತ್ತದೆ.
ಕೆನ್ನೆ, ನೆತ್ತಿ, ಗಾಯದ ಗೆರೆಯ ತನಕ ಉರಿ.
ಜನವರಿಯಲ್ಲಿ ಕಿಟಕಿ ತೆರೆದು
ಇಡೀ ಅಟ್ಲಾಂಟಿಕನ್ನು ಒಳಗೆ ಕರೆಯುತ್ತೇನೆ.
ಎಲಾದಿಯೊ ಎರಡು ಕಂಬಳಿಯ ಮೇಲೆ ಕೋಟನ್ನೂ ಹೊದ್ದು
'ಮುಗಿಯಿತೇ?' ಅನ್ನುತ್ತಾನೆ,
ಮಂಜುಗಡ್ಡೆಯಲ್ಲಿಟ್ಟ ಮೀನಿಗೆ ದನಿ ಬಂದ ಹಾಗೆ.
ಮುಗಿಯುತ್ತದೆ. ಬೆವರು ಆರುವಾಗ ನಡುಗುವ ಸರದಿ ನನ್ನದು.
ಆಗ ಕಂಬಳಿ ಎತ್ತಿ ಹಿಡಿಯುತ್ತಾನೆ.
ಮೈಯ ಉಳಿದ ಬರದ ಬಗ್ಗೆ
ಒಂದೇ ಸಲ ಮಾತಾಡಿದೆವು, ದೀಪ ಆರಿಸಿ.

ಬಲೆ ಹೊಲಿಯುವ ಕಟ್ಟೆಯಲ್ಲಿ ಸಬೇಲಾ ಅಂತಾಳೆ:
'ಮುಟ್ಟು ನಿಲ್ಲುವಾಗ ನನಗೂ ಹೀಗೇ ಆಗಿತ್ತು.'
ನನಗೂ ಆಗಿತ್ತು ಮಾರಾಯ್ತಿ, ಬಂದು ಹೋಗಿತ್ತು.
ಈಗ ಅದೇ ನೆಂಟ ಗುದ್ದಲಿ ಹಿಡಿದು ಮರಳಿದ್ದಾನೆ.

ಅಕ್ಟೋಬರಿನಲ್ಲಿ ಕೈಗಳೇ ಕೈ ಕೊಟ್ಟವು.
ಸೂಜಿ ಜಾರಿತು, ಮತ್ತೆ ಜಾರಿತು.
ಮರುದಿನ ನೋಡಿದರೆ ನನ್ನ ಪಾಲಿನ ಹರುಕು
ಹೊಲಿದು ಮುಗಿದಿದೆ. ಗಂಟಿನ ಓರೆ ನೋಡಿದೊಡನೆ ತಿಳಿಯಿತು:
ಕಟ್ಟೆಯಲ್ಲಿ ಎಡಗೈಯವಳು ಓಬ್ದೂಲಿಯಾ ಒಬ್ಬಳೇ.
ಸಿಟ್ಟು ಬಂತು, ಅಳು ಬಂತು,
ಎರಡಕ್ಕೂ ಮೊದಲು ಉರಿ ಬಂತು.

ಅಂದೇ ಗುಳಿಗೆ ನಿಲ್ಲಿಸಿದೆ. ಹತ್ತೊಂಬತ್ತು ದಿನ.
ಒಂದೊಂದನ್ನೂ ಗುಂಡಿ ಡಬ್ಬಿಗೆ ಹಾಕಿ
ಎಲಾದಿಯೊ ನೋಡಲೆಂದು ಬರೀ ನೀರು ಕುಡಿದೆ.
ಬೆರಳು ಸಡಿಲಾದವು. ನಿದ್ದೆ ಬಂತು.
ಆದರೆ ಸ್ನಾನದ ಮನೆಯಲ್ಲಿ
ಸಡಿಲಾದ ಆ ಬೆರಳುಗಳು ತಾವಾಗಿಯೇ
ಬಲಮೊಲೆಗೆ ಹೋಗಿ ಹುಡುಕತೊಡಗಿದವು,
ದಿನಕ್ಕೊಮ್ಮೆ. ಆಮೇಲೆ ದಿನಕ್ಕೆ ನಾಲ್ಕು ಸಲ.

ಲಾ ಕೊರುನ್ಯಾಗೆ ಬಸ್ಸು ಹತ್ತಿದೆ.
ಡಾಕ್ಟರಮ್ಮನ ಮೇಜಿನ ಮೇಲೆ ಡಬ್ಬಿ ಬೋರಲು ಹಾಕಿದೆ:
ಹತ್ತೊಂಬತ್ತು ಗುಳಿಗೆ, ಒಂದು ಕಪ್ಪೆಚಿಪ್ಪಿನ ಗುಂಡಿ.
ಬೈಯಲಿಲ್ಲ. ಗುಂಡಿಯನ್ನು ಹೆಕ್ಕಿ ನನಗೆ ಕೊಟ್ಟಳು.
'ಮೊದಲೇ ಹೇಳಬಾರದಿತ್ತೇ' ಅಂದಳು. ತಡೆದು,
'ನಾನಾದರೂ ಕೇಳಬೇಕಿತ್ತು.'

ಈಗ ಬೇರೆ ಹೆಸರಿನದು, ಬಿಳಿಯದು.
ಇದೂ ನೋಯಿಸುತ್ತದೆ. ಸ್ವಲ್ಪ ಕಡಿಮೆ,
ಅಥವಾ ನನಗೆ ಹಾಗನ್ನಿಸುತ್ತದೆ.
ದಿನಾ ದೀಪಸ್ತಂಭದ ತನಕ ನಡೆಯುತ್ತೇನೆ, ಮೂಳೆಗೆ ಒಳ್ಳೆಯದಂತೆ.
ಪಕ್ಕದ ಮನೆಯ ಹುಡುಗ ಬ್ರೇಶೊ
ಹಳೇ ಸೈಕಲ್ಲಿನ ಹಿಡಿಯ ರಬ್ಬರು ಕತ್ತರಿಸಿ
ನನ್ನ ಚಾಕುವಿಗೆ ತೊಡಿಸಿಕೊಟ್ಟ. ಗಿಣಿಹಸಿರು.
ಕಟ್ಟೆಯವರೆಲ್ಲ ನಕ್ಕರು.
ಈಗ ಸಬೇಲಾಗೂ ಒಂದು ಬೇಕಂತೆ.

ಇದನ್ನೆಲ್ಲ ಬಲೆಗೆ ಹೋಲಿಸಬೇಡಿ.
ಬಲೆ ಬಲೆಯೇ. ಬೆರಳು ಬೆರಳೇ.

ನಿನ್ನೆ ಬಂದದ್ದು ಡಾಲ್ಫಿನ್ ನುಗ್ಗಿದ ತೂತು, ಬಾಗಿಲಗಲ.
ಆ ತುದಿಯಿಂದ ಓಬ್ದೂಲಿಯಾ, ಈ ತುದಿಯಿಂದ ನಾನು.
ಮೊದಲೆಲ್ಲ ಗಂಟೆಗೆ ಇನ್ನೂರು ಗಂಟು.
ನಿನ್ನೆ ಎಪ್ಪತ್ತು. ಎಣಿಸಿದೆ.
ಎಪ್ಪತ್ತೊಂದಕ್ಕೆ ಒಲೆ ಹೊತ್ತಿಕೊಂಡಿತು.
ಕೋಟು ಬಿಚ್ಚಿ ಎಸೆದು ಕಟ್ಟೆಯ ಅಂಚಿಗೆ ಹೋಗಿ ನಿಂತೆ,
ತುಂತುರಿನಲ್ಲಿ, ತೋಳಿಲ್ಲದ ಬನಿಯನ್ನಿನಲ್ಲಿ.
ಮೈಯಿಂದ ಹಬೆ ಏಳುತ್ತಿತ್ತು.
ಒಳಬರುತ್ತಿದ್ದ ದೋಣಿಯೊಂದು ಕಂಡು ಹಾರ್ನ್ ಊದಿತು.
ಕೈ ಬೀಸಿದೆ. ಬೆರಳು ಪೂರ್ತಿ ಬಿಚ್ಚಲಿಲ್ಲ.
ಅಷ್ಟು ದೂರಕ್ಕೆ ಮುಷ್ಟಿ ತೋರಿಸಿದಂತೆ ಕಂಡಿತೋ ಏನೋ,
ಮತ್ತೊಮ್ಮೆ ಊದಿದರು.