ಸೊನ್ನೆ

ಅಳೆಯುವವರಿಗೆ ಮೊದಲು ಬೇಕಾದದ್ದು
ಏನೂ ಇಲ್ಲದ್ದು.
ವಿಷ ಸೋಕದ ಒಂದು ಗೆಡ್ಡೆ.
ಅದರ ಪಕ್ಕದಲ್ಲಿಟ್ಟು ನೋಡಬೇಕು ಉಳಿದದ್ದನ್ನೆಲ್ಲ.

ಮಾರ್ಟಿನಿಕ್ ದ್ವೀಪದ ಉತ್ತರಕ್ಕೆ, ಬಾಳೆಗುಡ್ಡಗಳ ಕೆಳಗೆ,
ಅಂಥದ್ದನ್ನು ಹುಡುಕಿ ಹುಡುಕಿ ಸಾಕಾಗಿತ್ತು ನನಗೆ.
ಕೊನೆಗೆ ಸಿಕ್ಕಿದ್ದು ಮುದುಕ ಎವಾರಿಸ್ತನ ಹಿತ್ತಲು:
ಬಾಳೆಯನ್ನೇ ಕಾಣದ ನಾಲ್ಕು ಮಡಿ ಕೆಸು.

ಪ್ರಾಯದಲ್ಲಿ ಅವನೂ ತೋಟದ ಕೂಲಿ.
ಮೂತಿಹುಳಕ್ಕೆಂದು ಬಿಳಿ ಪುಡಿ, ಬರಿಗೈಯಲ್ಲಿ,
ಬುಡಕ್ಕೊಂದು ಮುಚ್ಚಳ.
ಸಂಜೆ ಅಂಗಿಯ ತುಂಬ ಬಾಳೆಯ ಸೊನೆ,
ಎಷ್ಟು ಉಜ್ಜಿದರೂ ಹೋಗದ ಕಂದು.
ಹೆಂಡತಿ ಬೈಯುತ್ತಿದ್ದದ್ದು ಆ ಕರೆಗೆ,
ಪುಡಿಗಲ್ಲ.
ಪುಡಿ ಕೊಡವಿದರೆ ಹೋಗುತ್ತಿತ್ತು.

ಹೋಗಿರಲಿಲ್ಲ ಎಂದು ತೋರಿಸುವುದು
ನನ್ನ ಸಂಬಳದ ಕೆಲಸ.
ಸಿಪ್ಪೆ ಹೆರೆ, ಹೆಚ್ಚು, ರುಬ್ಬು: ಇಲ್ಲಿಯವರೆಗೆ ಅಡುಗೆ.
ಆಮೇಲೆ ಅಸಿಟೋನೈಟ್ರೈಲ್ ಸುರಿ, ಉಪ್ಪು ಹಾಕು,
ಬಿರಡೆ ಬಿಗಿದು ತೋಳು ಸೋಲುವಷ್ಟು ಕುಲುಕು,
ಗಿರಗಿರ ತಿರುಗಿಸು.
ನೀರು ಕೆಳಗೆ, ದ್ರಾವಕ ಮೇಲೆ,
ಉಪ್ಪು ಬಿದ್ದ ಮೇಲೆ ಮುನಿದ ಇಬ್ಬರು.
ಮೇಲಿನದರ ಒಂದು ಹನಿ ಯಂತ್ರದ ಬಾಯಿಗೆ.
ಏಳೂವರೆ ನಿಮಿಷಕ್ಕೆ ಪರದೆಯಲ್ಲಿ
ಗುಡ್ಡ ಎದ್ದರೆ, ಇದೆ.
ಗೆರೆ ಚಪ್ಪಟೆಯಾಗಿ ಸಾಗಿದರೆ, ಎವಾರಿಸ್ತ್.

ನಮ್ಮ ವಹಿಯಲ್ಲಿ ಖಾಲಿ ಮಾದರಿಗೆ ಅವನದೇ ಹೆಸರು.
"ಎವಾರಿಸ್ತ್ ಹಾಕಿದೆಯಾ, ಮಿರ್ತಾ?"
ಬೆಳಿಗ್ಗೆ ಕೋಟು ತೊಡುತ್ತ ಕೇಳುವಳು ರೋಸ್‌ಲಿಂದ್.
ಆರು ವರ್ಷ. ಅವನಿಗೂ ಗೊತ್ತಿತ್ತು,
ರಮ್ಮಿನ ಅಂಗಡಿಯಲ್ಲಿ ಮೇಜು ಬಡಿದು ಹೇಳುತ್ತಿದ್ದ:
"ನೀವೆಲ್ಲ ಬರೀ ಅಂಕಿ. ನಾನು ಸೊನ್ನೆ!"

ಮೊನ್ನೆ ಮಂಗಳವಾರ ಸೊನ್ನೆ ತಲೆಯೆತ್ತಿತು.

ಮೊದಲು ಯಂತ್ರಕ್ಕೆ ಬೈದೆ.
ಬರೀ ದ್ರಾವಕ ಓಡಿಸಿದೆ: ಚಪ್ಪಟೆ.
ಗಾಜು ತೊಳೆದೆ, ಒಲೆಯಲ್ಲಿಟ್ಟು ಸುಟ್ಟೆ,
ಕೈಗವಸು ಬದಲಿಸಿದೆ, ಕೈಯನ್ನೇ ಅನುಮಾನಿಸಿದೆ.
ಭಾರದ ಕಾರ್ಬನ್ನಿನ ಅವಳಿಯನ್ನು ಜೊತೆಗೆ ಬಿಟ್ಟು ನೋಡಿದೆ;
ಎರಡೂ ಒಂದೇ ಗಳಿಗೆಗೆ ಹೊರಬಂದವು,
ಶಾಲೆ ಬಿಟ್ಟ ಅಕ್ಕತಂಗಿಯರು.
ಹೊಸ ಗೆಡ್ಡೆ ಕೀಳಿಸಿ ತಂದೆ.
ಏಳೂವರೆಗೆ ಅದೇ ಗುಡ್ಡ.
ಪುಟ್ಟದು, ಇರುವೆ ಗೂಡಿನ ಬಾಯಿಯಷ್ಟು.

ಫೋನಿನಲ್ಲಿ ಹೇಳುವ ಮಾತಲ್ಲ, ಹೋದೆ.
ಕೈ ತುರಿಸದಿರಲೆಂದು ನಿಂಬೆ ಹಚ್ಚಿಕೊಂಡು
ಕೆಸು ಹೆರೆಯುತ್ತ ಕೂತಿದ್ದ.
"ಎಷ್ಟು?"
ಕಿಲೋಗೆ ಮೂರು ಮೈಕ್ರೋಗ್ರಾಂ.
ಇಪ್ಪತ್ತರವರೆಗೆ ತಿನ್ನಬಹುದು, ಮಾರಲೂಬಹುದು.
"ಅಂದರೆ ಏನೂ ಆಗಿಲ್ಲ."
ಏನೂ ಆಗಿಲ್ಲ.
"ಅಂದರೆ ಇನ್ನು ಚೀಲ ತರುವುದು ಬೇಡ."
ಬೇಡ.

ತುಂಬ ಹೊತ್ತಿನ ಮೇಲೆ ಅಂದ:
ಕಟ್ಟೆ ಕುಸಿದಾಗ ಅಳಿಯ ಎರಡು ಲಾರಿ ಮಣ್ಣು ಹೊಡೆಸಿದ.
ಮೇಲಿನಿಂದ. ಪುಕ್ಕಟೆ.
ಒಳ್ಳೆ ಮಣ್ಣು, ಹಿಂಡಿದರೆ ಉಂಡೆ ನಿಲ್ಲುವಂಥದ್ದು.
ಯಾವ ತೋಟದ್ದು ಎಂದು ನಾನು ಕೇಳಲಿಲ್ಲ.
ಅವನು ಅಂಗೈ ಮೂಸಿ ನೋಡಿಕೊಂಡ.
"ನಾನೇ ಹಾಕಿದ್ದಿರಬಹುದು."

ಹೊರಟಾಗ ಕಾರಿನ ಹಿಂದಿನ ಸೀಟಿಗೆ
ಚೀಲ ತಾನೇ ತಂದಿಟ್ಟ.
"ಪರೀಕ್ಷೆಗಲ್ಲ ಇದು. ಸೂಪಿಗೆ."

ಹಡಗಿನಲ್ಲಿ ಬರುತ್ತದಂತೆ ಮುಂದಿನ ತಿಂಗಳು,
ರೋಸ್‌ಲಿಂದ್ ಬರೆದು ತರಿಸಿದ್ದಾಳೆ ಫ್ರಾನ್ಸಿನಿಂದ,
ಮೊಹರು ಒತ್ತಿದ ಸೊನ್ನೆ, ಅರ್ಧ ಕಿಲೋ.

ಆ ರಾತ್ರಿ ಕೆಸು ಬೇಯಿಸಿದೆ.
ಉಪ್ಪು ಹಾಕಿದೆ, ಯಾವುದೂ ಬೇರೆಯಾಗಲಿಲ್ಲ.
ಚೆನ್ನಾಗಿತ್ತು.