ಫುಕಟ್ ಬೇಕೊ, ವರ್ಷದ್ದು ಬೇಕೊ

ಬೀದರಿನ ಚೌಬಾರಾ ಹತ್ರ ಅಂಗಡ್ಯಾಗ
ನಾಗಶೆಟ್ಟಿ ಕೇಳಿದ:
ಆಂಟಿವೈರಸ್ ಫುಕಟ್ ಬೇಕೊ, ವರ್ಷದ್ದು ಬೇಕೊ?

ಫುಕಟ್ ಆದ್ರ ತಾಸಿಗೊಮ್ಮೆ ಬಾಗ್ಲಾ ಬಡದು
ರೊಕ್ಕ ಕೇಳ್ತದಂತ.
ವರ್ಷದ್ದಾದ್ರ ನಮ್ಮ ಹಳೇ ಡಬ್ಬಿ
ಬ್ಯಾಸಗಿ ಎಮ್ಮಿಯಂಗ ತೇಕ್ತದಂತ.

ಫೈರ್‌ವಾಲ್ ಅಂದ್ರೇನಪಾ, ಅಂದೆ.
ಕೋಟಿ ಕಡಿ ಗದ್ದ ಎತ್ತಿದ:
“ಮೂರು ಕಂದಕ, ಅಕ್ಕಾ.
ಬಂಡೆ ಕೊರದು ಮಾಡಿದ್ದು.”

ನಗು ಬಂತು.
ಕಂದಕ ದಾಟಿದ್ರ ಬಾಗ್ಲ ಇತ್ತಲ್ಲ,
ಬಾಗ್ಲಕ್ಕೊಬ್ಬ ಕಾವಲುಗಾರ,
ಅವಗೊಬ್ಬ ಭಾವ ಇದ್ದಿರಬೇಕು.

ಆದ್ರೂ ವರ್ಷದ್ದೇ ತಂದೆ.
ರಾತ್ರಿ ಹನ್ನೊಂದಕ್ಕ ಹಸಿರು ಗುರುತು ಬಿತ್ತು:
ನೀವು ಸುರಕ್ಷಿತ.

ಮುಂಜಾನೆ ನೋಡ್ತೀನಿ,
ನಮ್ಮ ಮನಿಯವ್ರು ಸ್ಕ್ರೀನ್ ಅಂಚಿಗೆ
ಚೀಟಿ ಅಂಟ್ಸಾರ.
ಬ್ಯಾಂಕಿನ ಪಾಸ್‌ವರ್ಡು,
ದುಂಡನ್ನ ಅಕ್ಷರದಾಗ,
ಕೆಳಗೆರಡು ಗೆರಿ ಎಳದು.